ಸಿಪಿಎಲ್ ಆಯ್ತು, ಇನ್ನೂರು ಚಿಲ್ಲರೆ ಗಂಟೆ ಉಂಟು: ಮೊದಲ ಏರ್‌ಲೈನ್ ಕೆಲಸಕ್ಕೆ ಅರ್ಜಿ ಹಾಕುವುದು ಹೇಗೆ?

ಬ್ರಹ್ಮಾವರದ ಹುಡುಗಿ

ಎಲ್ಲರಿಗೂ ನಮಸ್ಕಾರ. ನನ್ನ ಊರು ಬ್ರಹ್ಮಾವರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಉಡುಪಿಯಲ್ಲಿ ಪಿಯುಸಿ ಸೈನ್ಸ್. ಈಗ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಗೆ ಬಂದಿದೆ. ಮಲ್ಟಿ ಎಂಜಿನ್ ರೇಟಿಂಗ್, ಐಆರ್ (ಹೊರಗೆ ಕಾಣದಾಗ ಉಪಕರಣ ನೋಡಿ ಹಾರಿಸುವ ರೇಟಿಂಗ್) ಎರಡೂ ಆಗಿದೆ. ಒಟ್ಟು ಹಾರಾಟ ಮಾತ್ರ ಇನ್ನೂರು ಗಂಟೆ ದಾಟಿ ಸ್ವಲ್ಪವೇ.

ಮನೆಯಲ್ಲಿ ಈ ಕೆಲಸದ ಬಗ್ಗೆ ಗೊತ್ತಿರುವವರು ಯಾರೂ ಇಲ್ಲ. ನೆಂಟರು ಸಿಕ್ಕಾಗಲೆಲ್ಲ "ಎಂತ ಮಗಾ, ವಿಮಾನ ಯಾವಾಗ ಬಿಡುದು?" ಅಂತ ಕೇಳುತ್ತಾರೆ. ಪೇಪರಿನಲ್ಲಿ ನೋಡಿದರೆ ಪೈಲಟ್‌ಗಳ ಕೊರತೆ ಅಂತ ಬರುತ್ತದೆ. ನನ್ನ ಜೊತೆ ಕಲಿತವರಲ್ಲಿ ಹೆಚ್ಚಿನವರು ಇನ್ನೂ ಮನೆಯಲ್ಲೇ ಇದ್ದಾರೆ.

ಮೂರು ವಿಷಯ ಕೇಳಬೇಕಿತ್ತು. ಎ320 ವಿಮಾನದ ಟೈಪ್ ರೇಟಿಂಗ್ (ಆ ಒಂದು ಮಾದರಿ ಹಾರಿಸಲು ಬೇಕಾದ ತರಬೇತಿ, ಅನುಮತಿ) ಮೊದಲೇ ಮಾಡಿಸಿಟ್ಟರೆ ಬೇಗ ಕೆಲಸ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ತೋಟ ಅಡವಿಟ್ಟಾದರೂ ದುಡ್ಡು ಹೊಂದಿಸುತ್ತೇನೆ ಅಂತ ಅಪ್ಪ ಹೊರಟಿದ್ದಾರೆ. ಮಾಡಿಸಬೇಕಾ, ಬೇಡವಾ? ಇನ್ನೊಂದು, ಮಂಗಳೂರಿನಲ್ಲಿ ಒಬ್ಬರು "ಮೂರು ಲಕ್ಷ ಕೊಡಿ, ಇಂಟರ್‌ವ್ಯೂವರೆಗೆ ನಾವು ತಲುಪಿಸುತ್ತೇವೆ" ಅಂದಿದ್ದಾರೆ. ಇದನ್ನು ನಂಬಬಹುದಾ? ಮೂರನೆಯದು ಇಂಗ್ಲಿಷ್. ಆರ್‌ಟಿಯಲ್ಲಿ (ವಿಮಾನದ ರೇಡಿಯೋದಲ್ಲಿ) ಮಾತಾಡಲು ತೊಂದರೆ ಇಲ್ಲ. ಆದರೆ ಎದುರು ಕೂತು ಉದ್ದಕ್ಕೆ ಮಾತಾಡಬೇಕಾದರೆ ನಾಲಿಗೆ ತೊಡರುತ್ತದೆ.

ಕಿನ್ನಿಗೋಳಿ ಎಟಿಆರ್

ತಂಗಿ, ಮೊದಲು ಎರಡನೆಯ ಪ್ರಶ್ನೆಗೆ ಉತ್ತರ. ಕೊಡಬೇಡ. ಒಂದು ರೂಪಾಯಿಯೂ ಬೇಡ. ಏರ್‌ಲೈನಿನ ಅರ್ಜಿ ಅವರದ್ದೇ ವೆಬ್‌ಸೈಟಿನಲ್ಲಿ ಇರುತ್ತದೆ, ಪುಕ್ಕಟೆ ಹಾಕಬಹುದು. ಮಧ್ಯದಲ್ಲಿ ನಿಂತು ದುಡ್ಡು ಕೇಳುವವನ ಹತ್ತಿರ ನಿನಗೆ ಕೊಡಲು ಏನೂ ಇಲ್ಲ. ನಿನ್ನ ಫೋಟೋ, ಪಾಸ್‌ಪೋರ್ಟ್, ಲೈಸೆನ್ಸ್ ಪ್ರತಿ ಅವನ ಕೈಗೆ ಹೋಗುತ್ತದೆ ಅಷ್ಟೆ. ಈಗಾಗಲೇ ಕೊಟ್ಟಿದ್ದರೆ ಇಜಿಸಿಎ (ಪೈಲಟ್ ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಆನ್‌ಲೈನ್ ಖಾತೆ) ಪಾಸ್‌ವರ್ಡ್ ಇವತ್ತೇ ಬದಲಿಸು.

ಪೇಪರಿನವರು ಬರೆಯುವ ಕೊರತೆ ಸುಳ್ಳಲ್ಲ. ಆದರೆ ಅದು ಹೆಚ್ಚಾಗಿ ಕ್ಯಾಪ್ಟನ್‌ಗಳ ಕೊರತೆ. ಕ್ಯಾಪ್ಟನ್ ಆಗಲು ಎಟಿಪಿಎಲ್ ಎಂಬ ಮೇಲಿನ ಲೈಸೆನ್ಸ್ ಬೇಕು, ಅದಕ್ಕೆ 1,500 ಗಂಟೆ ಬೇಕು. ಅಷ್ಟು ಗಂಟೆ ಎಲ್ಲಿ ಸಿಗುತ್ತದೆ? ಏರ್‌ಲೈನಿನ ಬಲಗಡೆ ಸೀಟಿನಲ್ಲಿ, ಅಂದರೆ ಕೋ-ಪೈಲಟ್ ಆಗಿ. ಆ ಸೀಟಿಗೆ ಸಿಪಿಎಲ್ ಹಿಡಿದುಕೊಂಡ ಹೊಸಬರು ಸಾಲುಗಟ್ಟಿ ನಿಂತಿದ್ದಾರೆ. ಏರ್ ಇಂಡಿಯಾ 2023ರ ಫೆಬ್ರವರಿಯಲ್ಲಿ 470 ವಿಮಾನಗಳ ಆರ್ಡರ್ ಪ್ರಕಟಿಸಿತು. ಅದೇ ಜೂನ್‌ನಲ್ಲಿ ಇಂಡಿಗೋ 500 ಅಂದಿತು. ಕೇಳಿದ ಕೂಡಲೇ ಊರೂರಿನಿಂದ ಮಕ್ಕಳು ಫ್ಲೈಯಿಂಗ್ ಸ್ಕೂಲಿಗೆ ಹೋದರು. ವಿಮಾನಗಳು ಬರುವುದು ಮಾತ್ರ ಒಂದೇ ಸಲ ಅಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಸಿಪಿಎಲ್‌ಗೂ ಮೊದಲ ಕೆಲಸಕ್ಕೂ ನಡುವೆ ಕಾಯಬೇಕಾಗಿ ಬರುವುದು ಮಾಮೂಲಿ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ.

ಟೈಪ್ ರೇಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಕೈಯಲ್ಲಿ ಆಫರ್ ಇಲ್ಲದೆ ಮಾಡಿಸಬೇಡ. ಅದು 15 ಲಕ್ಷದ ಮೇಲಿನ ಮಾತು. ಒಂದು ವಿಮಾನಕ್ಕೆ ಮಾಡಿದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ಎ320 ಮಾಡಿಟ್ಟುಕೊಂಡು ಕೂತಾಗ ಕರೆ ಬರುವುದು 737 ಹಾರಿಸುವವರಿಂದ ಆದರೆ? ಹಾರದೆ ಕೂತರೆ ಸಿಮ್ಯುಲೇಟರಿಗೆ ಮತ್ತೆ ಮತ್ತೆ ದುಡ್ಡು ಸುರಿಯಬೇಕು. ಎಷ್ಟೋ ಕಂಪನಿಗಳು ರೇಟಿಂಗ್ ಇಲ್ಲದವರನ್ನು ಆರಿಸಿ, ಆಮೇಲೆ ತಾವೇ ತರಬೇತಿಗೆ ಕಳಿಸುತ್ತವೆ. ಖರ್ಚು ಅಲ್ಲಿಯೂ ನಿನ್ನದೇ ಆಗಬಹುದು, ಬಾಂಡ್ ಇರಬಹುದು. ಆದರೆ ಕೆಲಸ ಖಾತ್ರಿಯಾದ ಮೇಲೆ ಮಾಡುವ ಸಾಲ ಬೇರೆ, ಮೊದಲೇ ಮಾಡುವ ಸಾಲ ಬೇರೆ.

ಇನ್ನೊಂದು ಮಾತು. ಎ320 ಮಾತ್ರ ವಿಮಾನ ಅಲ್ಲ. ಇಂಡಿಗೋ ಹತ್ತಿರ ಎಟಿಆರ್ (ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ) ಉಂಟು, ಅಲಯನ್ಸ್ ಏರ್ ಹತ್ತಿರ ಉಂಟು, ಗೋವಾದ ಫ್ಲೈ91 ಹಾರಿಸುವುದೂ ಎಟಿಆರ್. ಬೆಳಗಾವಿ, ಬೀದರ್ ಕಡೆ ಹೋಗುವ ಸ್ಟಾರ್ ಏರ್ ಎಂಬ್ರೇಯರ್ ಜೆಟ್ ಇಟ್ಟುಕೊಂಡಿದೆ. ಎಟಿಆರ್ ಅಂದರೆ ಫ್ಯಾನ್ ಇರುವ ವಿಮಾನ ಅಂತ ಕೆಲವರು ಮೂಗು ಮುರಿಯುತ್ತಾರೆ. ಮಳೆಗಾಲದಲ್ಲಿ ಬಜಪೆಗೆ, ಅಂದರೆ ಮಂಗಳೂರು ವಿಮಾನ ನಿಲ್ದಾಣಕ್ಕೆ, ಎಟಿಆರ್ ಇಳಿಸಿದವರಿಗೆ ಕೈಪಳಗುವುದು ಹೇಗೆ ಅಂತ ಗೊತ್ತು. ಎಲ್ಲ ಕಡೆ ಅರ್ಜಿ ಹಾಕು.

ಪುತ್ತೂರಿನ ಎ320

ಕಿನ್ನಿಗೋಳಿ ಅಣ್ಣ ಹೇಳಿದ್ದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ನಾನು ರೇಟಿಂಗ್ ಮಾಡಿಸಿಯೇ ಅರ್ಜಿ ಹಾಕಿದವನು, ಅದರಿಂದಲೇ ಒಳಗೆ ಬಂದೆ. ಆಗ ಬಂದ ಜಾಹೀರಾತುಗಳಲ್ಲಿ "ರೇಟಿಂಗ್ ಇರುವವರು ಮಾತ್ರ" ಅಂತಲೇ ಇತ್ತು. ಇಲ್ಲದವರು ಹೊರಗೆ ನಿಂತು ನೋಡಬೇಕಾಯಿತು. ಕಂಪನಿಗೆ ಅವಸರ ಇದ್ದಾಗ ತಯಾರಿರುವವನನ್ನೇ ತೆಗೆದುಕೊಳ್ಳುತ್ತದೆ.

ಹಾಗಂತ ಕಣ್ಣು ಮುಚ್ಚಿ ಮಾಡಿ ಅನ್ನುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ, 2023ರ ಮೇಯಲ್ಲಿ ಗೋ ಫಸ್ಟ್ ನಿಂತಾಗ ಸಾವಿರಾರು ಗಂಟೆ ಹಾರಿದವರೇ ಕೆಲಸ ಹುಡುಕಿಕೊಂಡು ಬೀದಿಗೆ ಬಂದರು. ಅಂಥ ಹೊತ್ತಿನಲ್ಲಿ ಹೊಸಬರ ರೇಟಿಂಗ್‌ಗೆ ಬೆಲೆ ಇಲ್ಲ. ಮನೆಯಲ್ಲಿ ಸಾಲವಿಲ್ಲದೆ ದುಡ್ಡಿದ್ದು, ಆ ವಿಮಾನಕ್ಕೆ ಸಾಲು ಸಾಲು ಜಾಹೀರಾತು ಬರುತ್ತಿದ್ದರೆ ಮಾಡಿಸಬಹುದು. ತೋಟ ಅಡವಿಟ್ಟು ಮಾಡಿಸುವುದಾದರೆ ನನ್ನ ಓಟು ಕೂಡ ಬೇಡ ಅಂತಲೇ.

ಮಣಿಪಾಲದ ಮಾವ

ನಾನು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವ. ಮಗಳ ವಯಸ್ಸಿನವಳಾದ್ದರಿಂದ ಬಿಡಿಸಿ ಹೇಳುತ್ತೇನೆ, ಅಪ್ಪನಿಗೂ ತೋರಿಸಮ್ಮಾ.

ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 7.5 ಲಕ್ಷದ ಮೇಲೆ ಹೋದರೆ ಬ್ಯಾಂಕು ಆಸ್ತಿ ಭದ್ರತೆ ಕೇಳುತ್ತದೆ. ನಮ್ಮ ಕಡೆ ತೋಟ ಅಂದರೆ ಎರಡು ಎಕರೆ ವರ್ಗ ಜಾಗ (ಸ್ವಂತ ಪಟ್ಟಾ ಜಾಗ), ಅದಕ್ಕೆ ತಾಗಿ ಒಂದಿಷ್ಟು ಕುಮ್ಕಿ. ಅಡಿಕೆ ಗಿಡ ಎರಡರಲ್ಲೂ ಇರುತ್ತದೆ, ಮನೆಯವರ ಲೆಕ್ಕದಲ್ಲಿ ಎಲ್ಲವೂ ತಮ್ಮದೇ. ಬ್ಯಾಂಕಿನ ಲೆಕ್ಕದಲ್ಲಿ ಹಾಗಲ್ಲ. ಕುಮ್ಕಿ ಸರ್ಕಾರದ ಜಾಗ, ನಿಮಗೆ ಅನುಭವಿಸುವ ಸೌಲಭ್ಯ ಮಾತ್ರ. ಅದನ್ನು ಅಡವಿಗೆ ಹಿಡಿಯುವುದಿಲ್ಲ. ಉಳಿದ ಜಾಗದ ಪಹಣಿಯಲ್ಲಿ ಅಜ್ಜನ ಹೆಸರು, ಚಿಕ್ಕಪ್ಪಂದಿರ ಹೆಸರು ಇದ್ದರೆ ಅವರೆಲ್ಲರ ಸಹಿ ಬೇಕು. ಆದ್ದರಿಂದ ದುಡ್ಡು ಹೊಂದುತ್ತದೆ ಅಂತ ಮಾತು ಕೊಡುವ ಮೊದಲು ಪಹಣಿ, ಋಣಭಾರ ಪತ್ರ ತೆಗೆದು ನೋಡಲಿ.

ಇನ್ನು ಬಡ್ಡಿ. 20 ಲಕ್ಷಕ್ಕೆ ಶೇ. 11 ಅಂತ ಹಿಡಿಯಿರಿ. ತಿಂಗಳಿಗೆ 18 ಸಾವಿರದ ಮೇಲೆ ಬರೀ ಬಡ್ಡಿಯೇ ಆಗುತ್ತದೆ. ಕಂತು ಶುರುವಾಗದಿದ್ದರೂ ಬಡ್ಡಿ ಏರುತ್ತಲೇ ಇರುತ್ತದೆ. ಸಿಪಿಎಲ್‌ಗೆ ಮಾಡಿದ ಸಾಲ ಈಗಾಗಲೇ ಇದ್ದರೆ ಅದರ ಮೇಲೆ ಇದು. ನೀನು ಕೆಲಸಕ್ಕೆ ಕಾಯುವ ಪ್ರತಿ ತಿಂಗಳೂ ಅಡಿಕೆ ದುಡ್ಡು ಅಲ್ಲಿಗೇ ಹೋಗಬೇಕು. ಕೊಳೆರೋಗ ಬಂದ ವರ್ಷ ಎಂತ ಮಾಡುವುದು? ಆಫರ್ ಲೆಟರ್ ಹಿಡಿದುಕೊಂಡು ಹೋದರೆ ಬ್ಯಾಂಕಿನವರೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ಬ್ರಹ್ಮಾವರದ ಹುಡುಗಿ

ಮಾವ, ಕುಮ್ಕಿ ವಿಷಯ ಓದಿ ಅಪ್ಪ ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ ಪಹಣಿ ತೆಗೆಸುತ್ತೇನೆ ಅಂದರು. ಆ ಏಜೆಂಟನಿಗೆ ಬೇಡ ಅಂತ ಹೇಳಿಯಾಯಿತು.

ಕಿನ್ನಿಗೋಳಿ ಅಣ್ಣ, ಕರೆ ಬಂದರೆ ಒಳಗೆ ಏನೇನು ಇರುತ್ತದೆ? ಇನ್ನೂರು ಗಂಟೆಯವಳ ಹತ್ತಿರ ಅವರು ಏನನ್ನು ಹುಡುಕುತ್ತಾರೆ?

ಕಿನ್ನಿಗೋಳಿ ಎಟಿಆರ್

ಕಂಪನಿಯಿಂದ ಕಂಪನಿಗೆ ಕ್ರಮ ಬದಲಾಗುತ್ತದೆ. ಸಾಮಾನ್ಯವಾಗಿ ಲಿಖಿತ ಪರೀಕ್ಷೆ, ಕಂಪ್ಯೂಟರಿನಲ್ಲಿ ಅಪ್ಟಿಟ್ಯೂಡ್ ಮತ್ತು ಮನೋಧರ್ಮದ ಪರೀಕ್ಷೆ, ಕೆಲವು ಕಡೆ ಗುಂಪು ಚರ್ಚೆ, ಸಿಮ್ಯುಲೇಟರ್, ಕೊನೆಗೆ ಇಂಟರ್‌ವ್ಯೂ. ಡಿಜಿಸಿಎ ಪರೀಕ್ಷೆಗೆ ಪ್ರಶ್ನೆ ಬ್ಯಾಂಕ್ ಬಾಯಿಪಾಠ ಮಾಡಿ 70 ತೆಗೆದವರು ಲಿಖಿತದಲ್ಲೇ ಸಿಕ್ಕಿಬೀಳುತ್ತಾರೆ. ಯಾಕೆ ಅಂತ ಕೇಳಿದರೆ ಉತ್ತರ ಬರುವಷ್ಟು ಓದಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ವಿಮಾನ ನಿಲ್ದಾಣದ ನಾಲ್ಕಕ್ಷರದ ಕೋಡ್ ವಿಒಎಂಎಲ್. ದಿನಾ ಬೆಳಿಗ್ಗೆ ಅದರ ಮೆಟಾರ್ (ನಿಲ್ದಾಣದ ಹವಾಮಾನ ವರದಿ) ತೆಗೆದು ಓದು. ಜುಲೈ ತಿಂಗಳು, ಗಾಳಿ 270 ಡಿಗ್ರಿಯಿಂದ 20 ನಾಟ್, ಮಳೆ, ಮೋಡ ಕೆಳಗೆ ಅಂತ ಇಟ್ಟುಕೋ. ರನ್‌ವೇ 24, ಅಂದರೆ 240 ಡಿಗ್ರಿ. ವ್ಯತ್ಯಾಸ 30 ಡಿಗ್ರಿ. ಅದರ ಸೈನ್ ಅರ್ಧ. ಅಡ್ಡಗಾಳಿ 10 ನಾಟ್, ಎದುರುಗಾಳಿ 17ರ ಹತ್ತಿರ. ಇಷ್ಟನ್ನು ಪೆನ್ನು ಮುಟ್ಟದೆ ಹೇಳಲು ಬರಬೇಕು. ಅಲ್ಲಿಗೆ ಮುಗಿಯುವುದಿಲ್ಲ. ರನ್‌ವೇ ಒದ್ದೆ ಇದ್ದರೆ ನಿಲ್ಲಲು ಎಷ್ಟು ದೂರ ಬೇಕು, ನಮ್ಮದು ಗುಡ್ಡದ ಮೇಲಿನ 2,450 ಮೀಟರಿನ ಟೇಬಲ್‌ಟಾಪ್, ಇಳಿಯಲಾಗದಿದ್ದರೆ ಯಾವ ಊರಿಗೆ ಹೋಗುತ್ತೀ, ಅದಕ್ಕೆ ಇಂಧನ ಉಂಟಾ ಅಂತ ಒಂದಕ್ಕೊಂದು ಜೋಡಿಸಿ ಕೇಳುತ್ತಾರೆ. ಊರಿನ ಮಳೆಯನ್ನು ನೋಡುತ್ತಾ ಬೆಳೆದವಳು ನೀನು, ಇದನ್ನು ನಿನಗಿಂತ ಚೆನ್ನಾಗಿ ಯಾರು ಹೇಳಬೇಕು?

ಸಿಮ್ಯುಲೇಟರಿನಲ್ಲಿ ಹೊಸಬರು ಜೆಟ್ಟನ್ನು ಬೆಣ್ಣೆಯ ಹಾಗೆ ಇಳಿಸಬೇಕು ಅಂತ ಯಾರೂ ಕಾಯುವುದಿಲ್ಲ. ಎತ್ತರ, ವೇಗ, ದಿಕ್ಕು ಬಿಟ್ಟು ಹೋದಾಗ ನಿನಗೆ ಗೊತ್ತಾಗುತ್ತದಾ? ಗೊತ್ತಾದ ಕೂಡಲೇ ಸರಿ ಮಾಡುತ್ತೀಯಾ? ಒಂದು ಸಲ ಹೇಳಿಕೊಟ್ಟದ್ದು ಎರಡನೇ ಸಲಕ್ಕೆ ನಿನ್ನ ಕೈಗೆ ಬರುತ್ತದಾ? ಪಕ್ಕದ ಸೀಟಿನವರ ಜೊತೆ ಮಾತಾಡುತ್ತಾ ಹಾರಿಸುತ್ತೀಯಾ, ಅಥವಾ ಬಾಯಿ ಕಟ್ಟಿಹೋಗುತ್ತದಾ? ಅವರು ಹುಡುಕುವುದು ಇದನ್ನು. ಇನ್ನೂರು ಗಂಟೆಯವರನ್ನು ತೆಗೆದುಕೊಳ್ಳುವಾಗ ಕಂಪನಿ ನೋಡುವುದು ಕಲಿಸಿದರೆ ಕಲಿಯುವವರಾ ಅಂತ.

ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. "ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ, ನೀವು ಹೇಳಿದರೂ ಕೇಳುತ್ತಿಲ್ಲ. ಏನು ಮಾಡುತ್ತೀರಿ?" ಮಂಗಳೂರಿನವರಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಜನ. ತನಿಖಾ ವರದಿಯನ್ನು ಪೂರ್ತಿ ಓದು. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಮೇಲಿತ್ತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ (ಇಳಿಸದೆ ಮತ್ತೆ ಮೇಲೇರಿ) ಅಂದಿದ್ದರು. ಆದರೂ ಕ್ಯಾಪ್ಟನ್ ಇಳಿಸಲು ಹೋದರು. 8,000 ಅಡಿ ಚಿಲ್ಲರೆ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಕೋ-ಪೈಲಟ್ ತಾವೇ ಗೋ ಅರೌಂಡ್ ಮಾಡುವ ಅಧಿಕಾರದ ಬಗ್ಗೆ ಇದ್ದ ಸೂಚನೆಗಳು ಗೊಂದಲದಲ್ಲಿದ್ದವು ಅಂತ ವರದಿ ಹೇಳುತ್ತದೆ.

ನಿನ್ನ ಉತ್ತರದಲ್ಲಿ ಮೆಟ್ಟಿಲುಗಳಿರಲಿ. ಮೊದಲು ಏನು ತಪ್ಪಿದೆ ಅಂತ ಸ್ಪಷ್ಟ ಮಾತಿನಲ್ಲಿ ಹೇಳುವುದು. ಸರಿಯಾಗದಿದ್ದರೆ ಗೋ ಅರೌಂಡ್ ಅಂತ ಗಟ್ಟಿಯಾಗಿ ಹೇಳುವುದು. ಅದಕ್ಕೂ ಉತ್ತರ ಬರದಿದ್ದರೆ ಕಂಪನಿಯ ಎಸ್ಒಪಿ (ಕೆಲಸದ ಲಿಖಿತ ಕ್ರಮ) ಪ್ರಕಾರ ಕಂಟ್ರೋಲ್ ತೆಗೆದುಕೊಳ್ಳುವುದು. "ಅವರು ದೊಡ್ಡವರು, ಅನುಭವ ಜಾಸ್ತಿ" ಅಂತ ಸುಮ್ಮನಾಗುವವರು ಆ ಸೀಟಿಗೆ ಬೇಡ. ಹಿರಿಯರ ಎದುರು ದನಿ ಎತ್ತಬಾರದು ಅಂತ ಬೆಳೆಸಿದ ಮನೆಗಳಿಂದ ಬಂದವರು ನಾವು. ಅದಕ್ಕೇ ಈ ಮಾತನ್ನು ಕನ್ನಡಿ ಎದುರು ನಿಂತು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡು.

ಸುರತ್ಕಲ್ ಅಕ್ಕ

ಕೊನೆಯ ಮಾತು ನೂರಕ್ಕೆ ನೂರು ಸತ್ಯ. ನಾನು ಈಗ ಎಡಗಡೆ ಸೀಟಿನಲ್ಲಿ, ಕ್ಯಾಪ್ಟನ್ ಆಗಿ, ಕೂರುವವಳು. ಬಲಗಡೆಯಿಂದ "ಸ್ಪೀಡ್" ಅಂತ ಒಂದು ಮಾತು ಬಂದರೆ ನನಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಇಂಗ್ಲಿಷ್ ಬಗ್ಗೆ ಹೇಳುತ್ತೇನೆ ತಂಗಿ. ನಾನೂ ಕನ್ನಡ ಮೀಡಿಯಂ. ಲೈಸೆನ್ಸಿಗೆ ಬೇಕಾದ್ದು ಐಸಿಎಒ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಹೇಳಿದ ಇಂಗ್ಲಿಷ್ ಲೆವೆಲ್ 4, ಅದು ನಿನ್ನ ಹತ್ತಿರ ಈಗಾಗಲೇ ಇರಲೇಬೇಕು. ಪ್ಯಾನೆಲ್ಲಿನವರಿಗೆ ಬೇಕಾದ್ದು ಚಂದದ ಇಂಗ್ಲಿಷ್ ಅಲ್ಲ, ಅರ್ಥವಾಗುವ ಇಂಗ್ಲಿಷ್. ವೇಗವಾಗಿ ಮಾತಾಡಿ ಮುಗಿಸುವ ಆತುರ ಬೇಡ. ಸಣ್ಣ ವಾಕ್ಯ ಮಾಡು. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಕೇಳು. ರೇಡಿಯೋದಲ್ಲಿ ಕೇಳುವುದಿಲ್ವಾ, ಹಾಗೆಯೇ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು. ಊಹೆ ಮಾಡಿ ಹೇಳಿದ ಉತ್ತರದ ಬಾಲ ಹಿಡಿದು ಮತ್ತೆ ಹತ್ತು ಪ್ರಶ್ನೆ ಬರುತ್ತದೆ. ದಿನಾ ಅರ್ಧ ಗಂಟೆ ಯಾರ ಜೊತೆಗಾದರೂ ಒಂದು ವಿಷಯ ಹಿಡಿದು ಮಾತಾಡು. ವಿಮಾನ ಹೇಗೆ ಸ್ಟಾಲ್ ಆಗುತ್ತದೆ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ) ಅಂತ ಅಮ್ಮನಿಗೇ ಇಂಗ್ಲಿಷಿನಲ್ಲಿ ಹೇಳು, ನಡೆಯುತ್ತದೆ.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವ ಬಗ್ಗೆ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡ. ನಮ್ಮ ದೇಶದ ಪೈಲಟ್‌ಗಳಲ್ಲಿ ಹೆಂಗಸರು ಸುಮಾರು ಶೇ. 15 ಇದ್ದಾರೆ. ಪ್ರಪಂಚದಲ್ಲೇ ಇದು ಮುಂಚೂಣಿಯ ಲೆಕ್ಕ.

ಮುಲ್ಕಿ ಇನ್‌ಸ್ಟ್ರಕ್ಟರ್

ಎಲ್ಲರೂ ಇಂಟರ್‌ವ್ಯೂ ಬಗ್ಗೆ ಹೇಳಿದ್ದಾರೆ. ನಾನು ಕಾಯುವ ಕಾಲದ ಬಗ್ಗೆ ಹೇಳುತ್ತೇನೆ. ಹುಡುಗರು ಹಾಳಾಗುವುದು ಅಲ್ಲಿಯೇ.

2023ರಲ್ಲಿ ನಿಯಮ ಬದಲಾಗಿ ಸಿಪಿಎಲ್ ಅವಧಿ 5 ವರ್ಷದಿಂದ 10 ವರ್ಷಕ್ಕೆ ಏರಿತು. ಅದನ್ನು ನೋಡಿ ಸಮಾಧಾನವಾಗಿ ಕೂತುಬಿಡಬೇಡಿ. ಐಆರ್ ಚೆಕ್ ವರ್ಷಕ್ಕೊಮ್ಮೆ. ಕ್ಲಾಸ್ 1 ಮೆಡಿಕಲ್ ಕೂಡ ನಿಮ್ಮ ವಯಸ್ಸಿನವರಿಗೆ ವರ್ಷಕ್ಕೊಮ್ಮೆ. ಕರೆ ಬಂದ ವಾರದಲ್ಲಿ ಮೆಡಿಕಲ್ ಮುಗಿದಿದ್ದರೆ ಆ ಬಸ್ಸು ಹೋಯಿತು. ಮುಗಿಯುವ ಒಂದೂವರೆ ತಿಂಗಳು ಮೊದಲೇ ತಾರೀಕು ತೆಗೆದುಕೊಳ್ಳಿ. ದುಡ್ಡು ಸ್ವಲ್ಪ ಇದ್ದರೆ ಅದನ್ನು ಐಆರ್ ಉಳಿಸಿಕೊಳ್ಳಲು, ಆಗಾಗ ಹಾರಲು ಇಡಿ.

ಇನ್ನು ಲಾಗ್‌ಬುಕ್. ಪ್ಯಾನೆಲ್ಲಿನಲ್ಲಿ ಹಳೆಯ ಕ್ಯಾಪ್ಟನ್ ಒಬ್ಬರು ಇದ್ದರೆ ಮೊದಲು ಕೈ ಹಾಕುವುದು ಅದಕ್ಕೇ. ಪುಟದ ಕೆಳಗಿನ ಒಟ್ಟು ಮುಂದಿನ ಪುಟದ ಮೇಲೆ ಸರಿಯಾಗಿ ಬಂದಿದೆಯಾ, ಪಿಐಸಿ ಕಾಲಂ (ತಾವೇ ಪೈಲಟ್ ಆಗಿ ಹಾರಿಸಿದ್ದು) ಮತ್ತು ಡ್ಯುಯಲ್ ಕಾಲಂ (ಕಲಿಸುವವರ ಜೊತೆ ಹಾರಿದ್ದು) ಕೂಡಿದರೆ ಒಟ್ಟಿಗೆ ತಾಳೆಯಾಗುತ್ತದಾ, ಸಿಎಫ್ಐ (ಮುಖ್ಯ ಇನ್‌ಸ್ಟ್ರಕ್ಟರ್) ಸಹಿ ಉಂಟಾ, ತಿದ್ದಿದ ಕಡೆ ಸಣ್ಣ ಸಹಿ ಉಂಟಾ ಅಂತ ಬೆರಳಿಟ್ಟು ನೋಡುತ್ತಾರೆ. ಆಮೇಲೆ ಒಂದು ಸಾಲು ತೋರಿಸಿ, "ಈ 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿಯಲ್ಲಿ ಎಲ್ಲೆಲ್ಲಿ ಇಳಿದಿರಿ? ಹವೆ ಹೇಗಿತ್ತು?" ಅಂತ ಕೇಳುತ್ತಾರೆ. ನಿಜವಾಗಿ ಹಾರಿದವರಿಗೆ ಆ ದಿನ ಕಣ್ಣ ಮುಂದೆ ಬರುತ್ತದೆ. ಪೆನ್ನಿನಲ್ಲಿ ಹಾರಿದವರ ಮುಖ ಬೆವರುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರನ್ನು ಪೊಲೀಸರು ಹಿಡಿದದ್ದು ದೊಡ್ಡ ಸುದ್ದಿಯಾಗಿತ್ತು. ಒಂದು ಗಂಟೆಯೂ ಸುಳ್ಳು ಬರೆಯಬೇಡಿ, ಬೇರೆಯವರು ಬರೆಯುವಾಗ ಜೊತೆಗೂ ನಿಲ್ಲಬೇಡಿ. ಹಿಂದೆ ಪ್ರಯಾಣಿಕರು ಕೂತಿರುತ್ತಾರೆ ಮಾರಾಯ್ರೆ.

ಕಲಿಸುವ ಆಸೆ ಇದ್ದರೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಬಗ್ಗೆ ಯೋಚಿಸಿ. ಜಕ್ಕೂರು, ಮೈಸೂರು, ಕಲಬುರಗಿ, ಬೆಳಗಾವಿ ಅಂತ ನಮ್ಮ ರಾಜ್ಯದಲ್ಲೇ ತರಬೇತಿ ನಡೆಯುವ ಜಾಗಗಳಿವೆ. ಸಂಬಳ ಏರ್‌ಲೈನಿನಷ್ಟಿಲ್ಲ. ಆದರೆ ಸಾಲ ಬೆಳೆಯುವ ಬದಲು ಗಂಟೆ ಬೆಳೆಯುತ್ತದೆ. ಮೊದಲ ಸಲ ಸೋಲೋ ಹೋಗುವ ಹುಡುಗನನ್ನು ಕೆಳಗೆ ನಿಂತು ನೋಡಿದವರಿಗೆ ಬರುವ ಜವಾಬ್ದಾರಿ ಬೇರೆಲ್ಲೂ ಬರುವುದಿಲ್ಲ. ಇಂಟರ್‌ವ್ಯೂನಲ್ಲಿ ಅದು ಮಾತಿನಲ್ಲೇ ಕಾಣುತ್ತದೆ.

ಪುತ್ತೂರಿನ ಎ320

ಅರ್ಜಿಯ ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಇಟ್ಟುಕೊಳ್ಳಿ: ಲೈಸೆನ್ಸ್, ಆರ್‌ಟಿಆರ್ (ರೇಡಿಯೋ ಬಳಸುವ ಲೈಸೆನ್ಸ್), ಮೆಡಿಕಲ್, ಐಆರ್, ಇಂಗ್ಲಿಷ್ ಲೆವೆಲ್, ಹತ್ತು ಮತ್ತು ಪಿಯುಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಲಾಗ್‌ಬುಕ್ಕಿನ ಕೊನೆಯ ಪುಟಗಳು. ಗಂಟೆಗಳನ್ನು ಬಿಡಿಸಿ ಬರೆಯಿರಿ. ಒಟ್ಟು, ಪಿಐಸಿ, ಮಲ್ಟಿ, ಇನ್‌ಸ್ಟ್ರುಮೆಂಟ್, ರಾತ್ರಿ, ಕಳೆದ ಆರು ತಿಂಗಳು. ಜಾಹೀರಾತು ಬಂದು ಕೆಲವೇ ದಿನಕ್ಕೆ ಮುಚ್ಚುವುದುಂಟು. ಆಗ ಸೈಬರ್ ಸೆಂಟರಿಗೆ ಓಡುವ ಹಾಗೆ ಆಗಬಾರದು.

ಬ್ರಹ್ಮಾವರದ ಹುಡುಗಿ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಮನೆಯಲ್ಲಿ ಕೂತು ತೀರ್ಮಾನ ಮಾಡಿದೆವು. ಆಫರ್ ಬರದೆ ಟೈಪ್ ರೇಟಿಂಗ್ ಇಲ್ಲ, ತೋಟ ಅಡವಿಡುವುದಿಲ್ಲ. ಎಟಿಆರ್ ಹಾರಿಸುವ ಕಂಪನಿಗಳಿಗೂ ಅರ್ಜಿ ಹಾಕುತ್ತೇನೆ. ಇನ್‌ಸ್ಟ್ರಕ್ಟರ್ ಸರ್ ಹೇಳಿದ ದಾರಿಯ ಬಗ್ಗೆ ನನ್ನ ಫ್ಲೈಯಿಂಗ್ ಸ್ಕೂಲಿನಲ್ಲಿ ವಿಚಾರಿಸುತ್ತಿದ್ದೇನೆ.

ಪಿಡಿಎಫ್ ಮಾಡುವಾಗ ಒಂದು ಕಂಡಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಉಂಟು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಪೂರ್ತಿ ಉಂಟು. ಇದರಿಂದ ತೊಂದರೆ ಆಗುತ್ತದಾ?

ಸುರತ್ಕಲ್ ಅಕ್ಕ

ಆಗಬಹುದು, ಈಗಲೇ ಸರಿ ಮಾಡಿಸು. ಕೆಲಸ ಸಿಕ್ಕಿದ ಮೇಲೆ ಏರ್‌ಪೋರ್ಟ್ ಪಾಸಿಗೆ ಪೊಲೀಸ್ ವೆರಿಫಿಕೇಶನ್ ಆಗುತ್ತದೆ, ಅಲ್ಲಿ ಹೆಸರು ಬೇರೆ ಬೇರೆ ಕಂಡರೆ ಫೈಲು ನಿಲ್ಲುತ್ತದೆ. ಹತ್ತನೇ ಅಂಕಪಟ್ಟಿ ಮತ್ತು ಇಜಿಸಿಎಯಲ್ಲಿ ಒಂದೇ ಹೆಸರಿದ್ದರೆ ಅವನ್ನು ಮುಟ್ಟಬೇಡ, ಪಾಸ್‌ಪೋರ್ಟನ್ನೇ ಅದಕ್ಕೆ ಹೊಂದಿಸು. ಆನ್‌ಲೈನಿನಲ್ಲಿ ರೀಇಶ್ಯೂ ಅರ್ಜಿ ಹಾಕಿ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ತಾರೀಕು ತೆಗೆದುಕೋ. ಮೂಲ ಅಂಕಪಟ್ಟಿ ಮರೆಯದೆ ತೆಗೆದುಕೊಂಡು ಹೋಗು.